ನಾಲ್ಕು ಬಾಯಿಯ ಬೀಗ

ಗುತ್ತಲು ರಸ್ತೆ, ಮಂಡ್ಯ
11 ಆಗಸ್ಟ್ 2024, ಭಾನುವಾರ

ನಾಗರಾಜು,

ಇಲ್ಲಿ ನಾನು ಕ್ಷೇಮ. ನಿನ್ನ ಕ್ಷೇಮ ವಿಚಾರಿಸಲು ಬರೆದ ಕಾಗದ ಇದಲ್ಲ. ಗಾರ್ಮೆಂಟ್ಸ್ ಕಾರ್ಖಾನೆಗೆ ಮೂರು ವ್ಯಾನು ಓಡಿಸುವ ಮನುಷ್ಯ ಕ್ಷೇಮವಾಗಿಯೇ ಇರುತ್ತಾನೆ, ಕೇಳಿ ತಿಳಿಯಬೇಕಾಗಿಲ್ಲ.

ನಿನ್ನ ರಿಜಿಸ್ಟರ್ ಕಾಗದ ಗುರುವಾರ ಬಂತು. ಹದಿನೇಳು ವರ್ಷ ಒಂದೇ ತಟ್ಟೆಯ ಮುದ್ದೆ ಮುರಿದವಳಿಗೆ ರಿಜಿಸ್ಟರ್! ಸಹಿ ಹಾಕಿಸಿಕೊಳ್ಳುವಾಗ ಪೋಸ್ಟ್‌ಮನ್ "ಕೋರ್ಟಿಂದ್ಲಾ ಮೇಡಂ?" ಎಂದು ಕೇಳಿದ. "ಇಲ್ಲಪ್ಪ, ಗಂಡನಿಂದ" ಅಂದೆ. ಪಾಪ, ಅವನೇ ನಾಚಿಕೊಂಡು ಹೋದ.

ಟೈಪು ಮಾಡಿಸಿದ ಭಾಗವನ್ನು ಓದಿದೆ. ಕಂಪ್ಯೂಟರಿನ ಬಿಲ್ಲು ನಿನ್ನ ಹೆಸರಿನಲ್ಲಿದೆಯಂತೆ. ಅದರೊಳಗಿದ್ದ ಎರಡನೇ ಡಿಸ್ಕನ್ನು ನಾನು ಬಿಚ್ಚಿಕೊಂಡು ಬಂದದ್ದು ಕಳ್ಳತನವಂತೆ. ಏಳು ದಿನದೊಳಗೆ ಡಿಸ್ಕನ್ನೂ ಅದನ್ನು ತೆರೆಯುವ ಪಾಸ್‌ವರ್ಡನ್ನೂ ಒಪ್ಪಿಸದಿದ್ದರೆ ಠಾಣೆಯ ಮೆಟ್ಟಿಲು ಹತ್ತುತ್ತೀಯಂತೆ. ಒಂದು ಪುಟದಲ್ಲಿ ಆರು ಅಕ್ಷರದೋಷ. ನಾನು ಅಲ್ಲಿದ್ದಿದ್ದರೆ ತಿದ್ದಿ ಕೊಡುತ್ತಿದ್ದೆ.

ಅದರ ಕೆಳಗೆ ನಿನ್ನ ಕೈಯಲ್ಲೇ ಬರೆದದ್ದನ್ನೂ ಓದಿದೆ. "ಶಶಿ, ಕಾರ್ಖಾನೆಯವರು ಅಷ್ಟು ಕೆಟ್ಟವರಲ್ಲ. ನನ್ನ ತಂಗಿ ಪುಷ್ಪಾನೂ ಅಲ್ಲೇ ಎರಡು ವರ್ಷದಿಂದ ಹೊಲೀತಿದ್ದಾಳೆ. ಅವಳಿಗೆ ಆಗದ ತೊಂದರೆ ಇವರಿಗೆಲ್ಲ ಹೇಗಾಯ್ತು? ಯೋಚನೆ ಮಾಡು. ಮನೆಗೆ ಬಾ." ಈ ಸಾಲನ್ನು ನಾಲ್ಕು ಸಲ ಓದಿದೆ. ಇದಕ್ಕೆ ಉತ್ತರ ಕೊಡುವ ಅಧಿಕಾರ ನನಗಿಲ್ಲ. ಉಳಿದದ್ದಕ್ಕೆಲ್ಲ ಕೊಡುತ್ತೇನೆ.

ಫೋನು ಮಾಡಿ ಹೇಳಬಹುದಿತ್ತು. ಆದರೆ ಫೋನಿನಲ್ಲಿ ಆಡಿದ ಮಾತನ್ನು ನೀನು ಕತ್ತರಿಸಿ ಯಾರಿಗೋ ಕೇಳಿಸುತ್ತೀಯ. ಆ ಅಭ್ಯಾಸ ನಿನಗೀಗ ಆಗಿದೆ. ಕಾಗದವನ್ನು ಕತ್ತರಿಸಿದರೆ ಕತ್ತರಿಸಿದ್ದಾದರೂ ಕಾಣುತ್ತದೆ. ಇನ್ನೊಂದು ಮಾತು. ನಮ್ಮ ಮದುವೆಯ ವೇದಿಕೆಯ ಮೇಲೆ ನಿಂತು, "ಇವಳು ನನ್ನನ್ನು ನೀನು ಅಂತಲೇ ಕರೆಯಲಿ" ಎಂದು ಮೈಕಿನಲ್ಲಿ ಹೇಳಿ ಚಪ್ಪಾಳೆ ಹೊಡೆಸಿಕೊಂಡವನು ನೀನು. ವ್ಯಾನು ಬಂದ ಮೇಲೆ, ಡ್ರೈವರುಗಳ ಮುಂದೆ "ನೀವು" ಅನ್ನು ಅಂದೆ. ನಾನೂ ಅಂದೆ, ನಾಲ್ಕು ವರ್ಷ. ಇನ್ನು ಅನ್ನುವುದಿಲ್ಲ.

ಆ ಡಿಸ್ಕಿನಲ್ಲಿ ಏನಿದೆ ಎಂದು ನಿನಗೆ ಗೊತ್ತಿಲ್ಲದೆ ಇಲ್ಲ. ಆದರೆ ಅದು ಅಲ್ಲಿಗೆ ಹೇಗೆ ಬಂತೆಂದು ನೀನು ಒಂದು ದಿನವೂ ಕೇಳಲಿಲ್ಲ. ಕೇಳಿಸಿಕೋ.

ಮಳವಳ್ಳಿಯ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ನಾನು ಮದುವೆ ಕಾರ್ಡು, ತಿಥಿ ಕಾರ್ಡು, ಸಂಘಗಳ ಕರಪತ್ರ ಟೈಪು ಮಾಡುತ್ತಿದ್ದ ಆ ಕಂಪ್ಯೂಟರಿನಲ್ಲಿ ಎರಡು ಡಿಸ್ಕಿದ್ದವು. ಒಂದರಲ್ಲಿ ಗಿರಾಕಿಗಳ ಕೆಲಸ. ಇನ್ನೊಂದು ಖಾಲಿ ಬಿದ್ದಿತ್ತು. "ಇದ್ಯಾಕೆ ಸುಮ್ನೆ, ಮಾರ್ಬುಡು" ಅಂತ ನೀನೇ ಅನ್ನುತ್ತಿದ್ದೆ. ಮಾರ್ಚ್ ತಿಂಗಳಲ್ಲಿ ನಮ್ಮ ಬೀದಿಯ ಮಂಚಮ್ಮ ಬಂದು ಬಾಗಿಲಲ್ಲಿ ಕೂತಳು. ಮದ್ದೂರಿನ ಆಚೆಯ ಗಾರ್ಮೆಂಟ್ಸಿನಲ್ಲಿ ನೆಲ ಒರೆಸಿ, ಶೌಚಾಲಯ ತೊಳೆಯುವ ಮಂಚಮ್ಮ. ನಿನ್ನ ಎರಡನೇ ವ್ಯಾನಿನಲ್ಲೇ, ಕೊನೆಯ ಸೀಟಿನಲ್ಲಿ ಹೋಗಿಬರುವವಳು. "ಒಂದು ಅರ್ಜಿ ಬರ್ಕೊಡವ್ವ" ಅಂದಳು. ಹೇಳುತ್ತಾ ಹೋದಳು. ನನ್ನ ಕೈ ಕೀಬೋರ್ಡಿನ ಮೇಲೆ ನಿಂತೇ ಹೋಯಿತು.

ಫ್ಲೋರ್ ಇನ್‌ಚಾರ್ಜು ಶೌಚಾಲಯದ ಬಾಗಿಲಲ್ಲಿ ಗಡಿಯಾರ ಹಿಡಿದು ನಿಲ್ಲುವುದು, ಸೂಜಿ ಸರಿಮಾಡುವ ನೆಪದಲ್ಲಿ ಹುಡುಗಿಯರ ಬೆನ್ನಿಗೆ ಒರಗುವುದು, ಇವೆಲ್ಲ ಅವಳು ದಿನಾ ಕಂಡದ್ದು. ಆಮೇಲೆ ಒಂದು ಮಧ್ಯಾಹ್ನ ಬಟ್ಟೆಯ ಸ್ಟೋರ್ ರೂಮಿನೊಳಗಿಂದ ಒಬ್ಬ ಹುಡುಗಿಯ ಕೂಗು ಕೇಳಿದೆ. ಬಾಗಿಲಿಗೆ ಒಳಗಿಂದ ಚಿಲಕ. ಮಂಚಮ್ಮ ನೆಲ ಒರೆಸುವ ಕೋಲಿನಿಂದ ಬಾಗಿಲು ಬಡಿದಿದ್ದಾಳೆ. "ಬೆಂಕಿ ಬೆಂಕಿ" ಅಂತ ಕೂಗಿ ಬಡಿದಿದ್ದಾಳೆ. ಚಿಲಕ ತೆಗೆದಾಗ ಹುಡುಗಿ ಹೊರಗೆ ಬಂದಳು, ರವಿಕೆಯ ತೋಳು ಹರಿದಿತ್ತು. ಇನ್‌ಚಾರ್ಜು ಹಿಂದಿನಿಂದ ಬಂದು, "ಎಲ್ಲಮ್ಮ ಬೆಂಕಿ?" ಅಂದನಂತೆ. "ಒಳೀಕದೆ ಸಾರ್" ಅಂದಳಂತೆ ಮಂಚಮ್ಮ.

ನಾನು ಬರೆಯಲು ಹೊರಟೆ. ಅವಳು ಬೇಡವೆಂದಳು. "ನೀ ಬರುದ್ರೆ ಅದು ನಿನ್ ಮಾತಾಯ್ತದೆ ಕಣವ್ವ. ನಂದ್ನ ನಂದಾಗೇ ಮಡಗು." ಫೋನಿನಲ್ಲಿ ರೆಕಾರ್ಡ್ ಮಾಡಿದೆ. ಆ ಹುಡುಗಿಯ ಹೆಸರನ್ನು ಅವಳು ಅದರಲ್ಲೂ ಹೇಳಲಿಲ್ಲ. ಆ ಖಾಲಿ ಡಿಸ್ಕಿಗೆ ಹಾಕಿ ಇಟ್ಟೆ.

ಆಮೇಲೆ ಯಲಿಯೂರಿನ ಮಂಗಳಮ್ಮ. ಗೌಡರ ಮನೆಯ ಹೆಂಗಸು. ರೈಲಿನಲ್ಲಿ ಮದ್ದೂರಿಗೆ ಬಂದು ಬಟ್ಟೆ ಪರೀಕ್ಷೆಯ ಮೇಜಿನಲ್ಲಿ ಕೂರುವವಳು. ಆಮೇಲೆ ಕೊಕ್ಕರೆ ಬೆಳ್ಳೂರಿನ ದೀಪಿಕ. ಕಾಲರ್ ಹೊಲಿಯುತ್ತಾಳೆ, ಇಪ್ಪತ್ತನಾಲ್ಕು ವರ್ಷ, ಬಾಯಿಗೆ ಬ್ರೇಕಿಲ್ಲ. ಅವಳ ಮಾತು ರೆಕಾರ್ಡ್ ಮಾಡಲು ನಾನೇ ಅವಳೂರಿಗೆ ಹೋಗಿದ್ದೆ. ಮರದ ತುಂಬ ಗೂಡು. ಅವಳ ಮಾತಿನುದ್ದಕ್ಕೂ ಕೊಕ್ಕರೆಗಳು ಕೊಕ್ಕು ಕುಟ್ಟುವ ಸದ್ದು. ನಾಲ್ಕನೆಯವಳು ತಾನೇ ಬಂದಳು. ಸ್ಟೋರ್ ರೂಮಿನಿಂದ ಹೊರಗೆ ಬಂದ ಹುಡುಗಿ ಅವಳೇ. ಹೆಸರು ಬರೆಯಬೇಡ ಅಂದಿದ್ದಾಳೆ, ಬರೆಯುವುದಿಲ್ಲ.

ಈಗ ನನ್ನ ತಪ್ಪು ಒಪ್ಪಿಕೊಳ್ಳುತ್ತೇನೆ. ಒಪ್ಪಿಕೊಂಡರೆ ನೀನು ಅದನ್ನೇ ಹಿಡಿದು ಎಳೆಯುತ್ತೀಯ ಎಂದು ಗೊತ್ತಿದ್ದೂ ಒಪ್ಪಿಕೊಳ್ಳುತ್ತೇನೆ. ಡಿಸ್ಕಿಗೆ ನಾನು ಬೀಗ ಹಾಕಿರಲಿಲ್ಲ. ಫೈಲಿಗೆ ಹೆಂಗಸರ ಹೆಸರೇ ಇಟ್ಟಿದ್ದೆ, ನಾಲ್ಕನೆಯವಳದು ಬಿಟ್ಟು. ಅವಳದನ್ನು "ಗೃಹಪ್ರವೇಶ" ಅಂತ ಹೆಸರಿಟ್ಟು ಅದೇ ಡಿಸ್ಕಿನ ಬೇರೆ ಫೋಲ್ಡರಿನಲ್ಲಿ ಹಾಕಿದ್ದೆ. ಕಂಪ್ಯೂಟರಿಗೆ ಇದ್ದ ಪಾಸ್‌ವರ್ಡು ನಮ್ಮ ಮದುವೆಯ ತಾರೀಖು. ಮನೆಯೊಳಗೆ ಇನ್ನೇನು ಬೀಗ, ಯಾರಿಂದ ಬೀಗ ಅಂದುಕೊಂಡೆ. ಜೂನ್ ತಿಂಗಳಲ್ಲಿ ನಾನು ಮಂಡ್ಯಕ್ಕೆ ಕಾರ್ಡಿನ ಕಾಗದ ತರಲು ಹೋಗಿದ್ದಾಗ ನೀನು ಆ ತಾರೀಖನ್ನು ಒತ್ತಿ ಒಳಗೆ ಹೋದೆ. ಮಂಚಮ್ಮನ ಹೆಸರಿನ ಫೈಲನ್ನು ಪೂರ್ತಿ ಕೇಳಿದೆ. ಪೆನ್ ಡ್ರೈವಿಗೆ ಹಾಕಿಕೊಂಡೆ. ಕಾರ್ಖಾನೆಯ ಮ್ಯಾನೇಜರಿಗೆ ಕೊಟ್ಟೆ. ನಮ್ಮಿಬ್ಬರ ಬದುಕಿನಲ್ಲಿ ಆ ತಾರೀಖು ಅಷ್ಟು ಕೆಲಸಕ್ಕೆ ಬಂತು.

ಎರಡು ದಿನದ ಮೇಲೆ ಮಂಚಮ್ಮ ಬಂದಳು. ಮ್ಯಾನೇಜರು ಅವಳನ್ನು ಕರೆಸಿ, ತನ್ನ ಫೋನಿನಲ್ಲಿ ಅವಳ ದನಿಯನ್ನೇ ಅವಳಿಗೆ ಕೇಳಿಸಿ, "ಇದು ಯಾರಮ್ಮ?" ಎಂದನಂತೆ. ಅವತ್ತಿನಿಂದ ಅವಳನ್ನು ಒಳಗಿನ ಕೆಲಸ ಬಿಡಿಸಿ ಗೇಟಿನಾಚೆಯ ಚರಂಡಿಗೆ ಹಾಕಿದರು. ಅವಳು ಅಳಲಿಲ್ಲ. ಬಾಗಿಲಲ್ಲಿ ಕೂತು ಒಂದೇ ಮಾತು ಹೇಳಿದಳು. "ನನ್ ಬಾಯಿ ಅವ್ನ ಜೇಬಲ್ಲದೆ ಕಣವ್ವ." ಇಪ್ಪತ್ತು ವರ್ಷ ದಲಿತ ಚಳವಳಿಯಲ್ಲಿ ತಿರುಗಿದವಳು ನಾನು. ನನ್ನ ಮುಖಕ್ಕೆ ಯಾರೂ ಹಾಗೆ ಹೊಡೆದಿರಲಿಲ್ಲ.

ಸಂಜೆ ನಿನ್ನನ್ನು ಕೇಳಿದೆ. ನೀನು ಚಪ್ಪಲಿಯನ್ನೂ ಬಿಟ್ಟಿರಲಿಲ್ಲ. "ರಾಜಿ ಮಾಡ್ಸಣ ಅಂತ ಕೊಟ್ಟೆ ಕಣೆ, ಇನ್ನೇನು?" ಅಂದೆ. ಆ ಹುಡುಗಿಯ ಗತಿಯೇನು ಅಂತ ನಾನು ಕೇಳಿದೆ. ಆಗ ನೀನು ಅಂದ ಮಾತು ಇದು, ಒಂದಕ್ಷರ ಆಚೀಚೆ ಮಾಡಿಲ್ಲ: "ಯಾವಳೋ ಒಬ್ಬ ಹುಡುಗಿ ವಿಚಾರಕ್ಕೆ ನಮ್ ವ್ಯಾನು ನಿಲ್ಲಿಸ್ಬೇಕಾ?"

ಮಾರನೆಯ ಬೆಳಿಗ್ಗೆ ನೀನು ವ್ಯಾನಿನ ಜೊತೆ ಹೋದ ಮೇಲೆ ಸ್ಕ್ರೂಡ್ರೈವರ್ ತೆಗೆದುಕೊಂಡು ಡಬ್ಬ ಬಿಚ್ಚಿ, ಆ ಡಿಸ್ಕನ್ನು ಸೀರೆಯ ಮಡಿಕೆಯಲ್ಲಿ ಸುತ್ತಿ, ಹತ್ತು ಗಂಟೆಯ ಬಸ್ಸು ಹಿಡಿದೆ. ಗಿರಾಕಿಗಳ ಡಿಸ್ಕನ್ನು ಮುಟ್ಟಲಿಲ್ಲ. ಕಳ್ಳಿಯಾಗಿದ್ದರೆ ಅದನ್ನೇ ತಾನೆ ತರಬೇಕಿತ್ತು?

ನಿನ್ನನ್ನು ಬೈಯುವುದಕ್ಕೇ ಕೂತಿದ್ದೇನೆ ಅಂದುಕೊಳ್ಳಬೇಡ. ಸಂತೆಮಾಳದ ಗೋಡೆ ನೆನಪಿದೆಯಾ? ನಾನು ಬಣ್ಣದ ಡಬ್ಬ ಹಿಡಿದಿದ್ದೆ, ನೀನು ಬ್ರಷ್ಷು. "ಬಾಯಿ ನಮ್ಮದು, ಮಾತೂ ನಮ್ಮದು" ಎಂದು ಆಳೆತ್ತರದ ಅಕ್ಷರ ಬರೆದೆ. ಬಣ್ಣ ತೊಟ್ಟಿಕ್ಕಿ ನನ್ನ ಒಂದೇ ಒಂದು ಒಳ್ಳೆಯ ಸೀರೆ ಹಾಳಾಯಿತು. ನೀನು ಸೀಮೆಎಣ್ಣೆ ಹಚ್ಚಿ ಉಜ್ಜಿ ಉಜ್ಜಿ ಇನ್ನಷ್ಟು ಹಾಳು ಮಾಡಿದೆ. ಆ ಸೀರೆಯನ್ನು ಈಗಲೂ ಇಟ್ಟುಕೊಂಡಿದ್ದೇನೆ. ಆ ಹುಡುಗ ನನಗೆ ಬೇಕಿತ್ತು ನಾಗರಾಜು. ಅವನು ಯಾವ ವ್ಯಾನು ಹತ್ತಿ ಎಲ್ಲಿ ಇಳಿದುಹೋದನೋ ನಾನು ನೋಡಲಿಲ್ಲ.

ಇರಲಿ. ಬೀಗದ ಕತೆಗೆ ಬರುತ್ತೇನೆ.

ನಾನು ಬಾಡಿಗೆಗಿರುವ ಕೋಣೆಯ ಮೇಲಿನ ಮನೆಯಲ್ಲಿ ನಯನ ಎಂಬ ಹೆಣ್ಣುಮಗಳಿದ್ದಾಳೆ, ಪಾಲಿಟೆಕ್ನಿಕ್‌ನಲ್ಲಿ ಕಂಪ್ಯೂಟರ್ ಪಾಠ ಮಾಡುತ್ತಾಳೆ. ಅವಳ ಹಳೆಯ ಕಂಪ್ಯೂಟರನ್ನು ನನ್ನ ಕೋಣೆಯಲ್ಲಿಟ್ಟು ಈ ಡಿಸ್ಕನ್ನು ಅದಕ್ಕೆ ಸಿಕ್ಕಿಸಿದಳು. ಬರಿ ಪಾಸ್‌ವರ್ಡು ಬೇರೆ, ಎನ್‌ಕ್ರಿಪ್ಟ್ ಮಾಡುವುದು ಬೇರೆ ಎಂದಳು. ಬರಿ ಪಾಸ್‌ವರ್ಡು ಅಂದರೆ ಬಾಗಿಲ ಬೀಗ; ಡಿಸ್ಕನ್ನು ಬಿಚ್ಚಿ ಬೇರೆ ಕಂಪ್ಯೂಟರಿಗೆ ಹಾಕಿದರೆ ಒಳಗಿನದು ಹಾಗೇ ಸಿಗುತ್ತದೆ. ಎನ್‌ಕ್ರಿಪ್ಟ್ ಅಂದರೆ ಒಳಗಿನ ಸರಕನ್ನೇ ಗುರುತು ಸಿಗದ ಹಾಗೆ ಪುಡಿ ಮಾಡಿ ಕಲಸಿಡುವುದು. ಇದನ್ನು ನಾಲ್ವರಿಗೂ ಹೇಳಿದಾಗ ಮಂಚಮ್ಮ, "ಅಂಗಾರೆ ರಾಗಿ ಬೀಸಿ ಇಟ್ ಮಾಡ್ದಂಗೆ" ಅಂದಳು. "ಹೌದು, ಆದರೆ ಸರಿಯಾದ ಮಾತು ಹೇಳಿದರೆ ಆ ಹಿಟ್ಟು ಮತ್ತೆ ಕಾಳಾಗುತ್ತೆ" ಅಂದಳು ನಯನ. "ಮರೆತರೆ?" ಎಂದು ಮಂಗಳಮ್ಮ ಕೇಳಿದಳು. "ಮರೆತರೆ ಹಿಟ್ಟು ಹಿಟ್ಟೇ. ನಾನು ಬಂದರೂ ಇಲ್ಲ, ನನ್ನ ಮೇಷ್ಟ್ರು ಬಂದರೂ ಇಲ್ಲ."

ಆ ಮಾತನ್ನು ಯಾರು ಇಟ್ಟುಕೊಳ್ಳಬೇಕು? ನಯನ ನನ್ನ ಕಡೆ ನೋಡಿದಳು. ನಾಲ್ವರೂ ನೆಲ ನೋಡಿದರು. ಒಂದು ಸಲ ನನ್ನ ಮನೆಯಿಂದಲೇ ಸೋರಿಹೋಗಿದೆ. ಇನ್ನೊಮ್ಮೆ ನಂಬಿ ಅಂತ ಯಾವ ಮುಖದಲ್ಲಿ ಕೇಳಲಿ? ಮಂಚಮ್ಮನೇ ದಾರಿ ಹೇಳಿದಳು. "ನಾಕ್ ಜನಕ್ಕೂ ಒಂದೊಂದ್ ಮಾತಿರ್ಲಿ. ನಾಕೂ ಸೇರುದ್ರೆ ಮಾತ್ರ ತಗೀಲಿ. ಒಬ್ರು ಒಲ್ಲೆ ಅಂದ್ರೂ ತಗೀಬಾರ್ದು."

ಜೂನ್ ಮೂವತ್ತು, ಭಾನುವಾರ, ಕಾರ್ಖಾನೆಗೆ ರಜ. ಆ ದಿನ ಮಾಡಿದೆವು. ಒಬ್ಬೊಬ್ಬರೂ ತಮ್ಮ ಪದವನ್ನು ತಾವೇ ಒತ್ತಬೇಕು, ಉಳಿದವರು ಗೋಡೆಗೆ ಮುಖ ಮಾಡಬೇಕು. ಮಂಚಮ್ಮನಿಗೆ ಅಕ್ಷರ ಬಾರದು. ಏನು ಮಾಡುವುದೆಂದು ನಾನು ತಡವರಿಸುತ್ತಿದ್ದರೆ, "ನಂಬ್ರ ಗೊತ್ತು ಕಣವ್ವ, ಪೋನ್ ಮಾಡಲ್ವಾ ನಾನು?" ಎಂದು ಬೈದಳು. ಅಂಕಿಗಳನ್ನು ತಾನೇ ಒಂದೊಂದಾಗಿ ಹುಡುಕಿ ಒತ್ತಿದಳು. ತೆರೆಯ ಮೇಲೆ ಅಂಕಿಯ ಬದಲು ಬರಿ ಚುಕ್ಕಿ. "ಇದೇನವ್ವ, ರಂಗೋಲಿಗೆ ಚುಕ್ಕಿ ಮಡಗ್ದಂಗೆ ಬತ್ತಾವೆ!" ನಾವೆಲ್ಲ ಗೋಡೆಗೆ ಮುಖ ಮಾಡಿಕೊಂಡೇ ನಕ್ಕೆವು. ಎಲ್ಲಿಯೂ ಬರೆದಿಡಬಾರದು ಅಂದಳು ನಯನ. ಬರೆಯಲಿಲ್ಲ. ಪದಗಳ ಸಾಲು ಮಾತ್ರ ನೆನಪಿರಲಿ, ಸಾಲು ತಪ್ಪಿದರೂ ತೆರೆಯುವುದಿಲ್ಲ ಅಂದಳು. "ಕೂತ ಸಾಲಿನಲ್ಲೇ ಒತ್ತಿದ್ದೇವೆ, ಅದನ್ನು ಮರೆಯುವುದುಂಟಾ?" ಅಂದೆ ನಾನು.

ಮರೆತೆವು. ಮರೆತದ್ದು ಹೇಗೆಂದು ನಿನಗೆ ಹೇಳಲೇಬೇಕು. ಈ ಕಾಗದ ಬರೆಯಲು ಅರ್ಧ ಕಾರಣ ಅದೇ.

ನಮ್ಮ ದೂರಿನ ಮೇಲೆ ಕಳೆದ ಮಂಗಳವಾರ, ಕೆಲಸದ ಜಾಗದ ಲೈಂಗಿಕ ಕಿರುಕುಳ ವಿಚಾರಿಸುವ ಜಿಲ್ಲಾ ದೂರು ಸಮಿತಿಯ ಮುಂದೆ ವಿಚಾರಣೆಯಿತ್ತು. ಕಾರ್ಖಾನೆಯ ಎಚ್‌ಆರ್ ಅಧಿಕಾರಿ ಫೈಲು ಹಿಡಿದು ಬಂದಿದ್ದ. ಅವನದು ಒಂದೇ ವಾದ. ಮಂಚಮ್ಮನನ್ನು ಚರಂಡಿಗೆ ಹಾಕಿದ ಸಿಟ್ಟಿಗೆ ಈ ಹೆಂಗಸರೆಲ್ಲ ಜೂನ್ ಆದ ಮೇಲೆ ಕೂತು ಕಟ್ಟಿದ ಕತೆ ಇದು ಎಂದು. ಮ್ಯಾನೇಜರ ಫೋನಿನಲ್ಲಿದ್ದ ಮಂಚಮ್ಮನ ದನಿಯ ಸುದ್ದಿಯನ್ನೇ ಅವನು ಎತ್ತಲಿಲ್ಲ. ನಮ್ಮ ಕೈಯಲ್ಲಿ ಉತ್ತರವಿತ್ತು. ಮಾರ್ಚ್ ತಿಂಗಳ ತಾರೀಖು ಹೊತ್ತ ದನಿಗಳು ಆ ಡಿಸ್ಕಿನಲ್ಲಿದ್ದವು. ತೆರೆದರೆ ಸಾಕು.

ಮೇಜಿನ ಮೇಲೆ ನಯನಳ ಲ್ಯಾಪ್‌ಟಾಪು, ಅದಕ್ಕೆ ಸಿಕ್ಕಿಸಿದ ಡಿಸ್ಕು. ಎದುರಿಗೆ ಸಾಲಾಗಿ ಕುರ್ಚಿ. ಮಂಗಳಮ್ಮ ಮೊದಲನೆಯ ಕುರ್ಚಿಯಲ್ಲಿ, ಪಕ್ಕದಲ್ಲಿ ದೀಪಿಕ, ಅದರಾಚೆ ಸೆರಗು ಮುಚ್ಚಿಕೊಂಡ ನಾಲ್ಕನೆಯವಳು, ಕಡೆಗೆ ಬಾಗಿಲ ಬಳಿ ಮಂಚಮ್ಮ. "ಶುರು ಮಾಡಿ" ಅಂದರು ಅಧ್ಯಕ್ಷೆ. ನಾನು ಕೈ ತೋರಿದೆ, ಮಂಗಳಮ್ಮನ ಕಡೆಗೆ. ಅವಳು ಎದ್ದು ತನ್ನ ಪದ ಒತ್ತಿದಳು. ಆಮೇಲೆ ದೀಪಿಕ, ಆಮೇಲೆ ನಾಲ್ಕನೆಯವಳು, ಆಮೇಲೆ ಮಂಚಮ್ಮ. ಒಂದು ನಿಮಿಷ ಚಕ್ರ ಸುತ್ತಿತು. ಪಾಸ್‌ವರ್ಡು ತಪ್ಪು.

ಯಾರೋ ಕೈ ತಪ್ಪಿದ್ದಾರೆ ಅಂದುಕೊಂಡು ಮತ್ತೆ ಅದೇ ಸಾಲು. ತಪ್ಪು. ದೀಪಿಕಳನ್ನೂ ಆ ಹುಡುಗಿಯನ್ನೂ ಹಿಂದೆ ಮುಂದೆ ಮಾಡಿದೆ. ತಪ್ಪು. ಮಂಗಳಮ್ಮ ಮಾತ್ರ ಮೂರೂ ಸಲ ಮೊದಲು. ಅದನ್ನು ಬದಲಾಯಿಸಬೇಕು ಅಂತ ನನ್ನ ತಲೆಗೆ ಹೊಳೆಯಲೇ ಇಲ್ಲ. ಎಚ್‌ಆರ್ ಅಧಿಕಾರಿ ಕುರ್ಚಿಗೆ ಒರಗಿ, "ಒಳಗೆ ಏನಾದ್ರೂ ಇದ್ರೆ ತಾನೇ ಮೇಡಂ ತೆಗೆಯೋದು" ಎಂದ. ಊಟದ ಹೊತ್ತಿನೊಳಗೆ ತೆರೆಯದಿದ್ದರೆ ಧ್ವನಿಮುದ್ರಣ ಹಾಜರಾಗಿಲ್ಲ ಎಂದೇ ಬರೆದುಕೊಂಡು ಮುಂದಕ್ಕೆ ಹೋಗಬೇಕಾಗುತ್ತದೆ ಎಂದರು ಅಧ್ಯಕ್ಷೆ. ಸೆರಗು ಮುಚ್ಚಿಕೊಂಡವಳು ನನ್ನ ಕಡೆ ತಿರುಗಿ ನೋಡಿದಳು. ಆ ನೋಟವನ್ನು ಸಾಯುವವರೆಗೂ ಮರೆಯಲಾರೆ.

ಆಗ ಬಾಗಿಲ ಬಳಿಯಿಂದ ಮಂಚಮ್ಮ, "ನಾನ್ ಮೊದ್ಲು ಕಣವ್ವ" ಅಂದಳು.

"ಇಲ್ಲ ಕಣೆ ಮಂಚಿ, ನಾನೇ ಅಲ್ವಾ ಮೊದ್ಲು?" ಅಂದಳು ಮಂಗಳಮ್ಮ. ಅವಳು ಸುಳ್ಳು ಹೇಳಲಿಲ್ಲ. ಅವಳ ನೆನಪಿನಲ್ಲಿ ಹಾಗೇ ಇತ್ತು. ನನ್ನ ನೆನಪಿನಲ್ಲೂ ಹಾಗೇ ಇತ್ತು, ಕೇಳಿಸಿಕೊಂಡೆಯಾ? ನಮ್ಮ ಕೇರಿಯಲ್ಲೇ ಹುಟ್ಟಿದ ನನ್ನ ನೆನಪಿನಲ್ಲೂ.

ಮಂಚಮ್ಮ ಎದ್ದು ನನ್ನ ಕಡೆ ತಿರುಗಿ ನಿಂತಳು. "ಅವತ್ತು ನಿನ್ ರೂಮ್ನಲ್ಲಿ ಪ್ಲಗ್ಗು ಬಾಗಿಲ ತಾವಿತ್ತು. ಅದಕ್ಕೇ ಮೇಜ್ನ ಬಾಗಿಲ ತಾವ ಎಳ್ದಿದ್ದೆ ನೀನು. ನಾನು ವಸ್ಲು ತಾವ ಕೂತಿದ್ದೆ, ಎಲ್ಲಿಗೋದ್ರೂ ಅಲ್ಲೇ ತಾನೇ ನಾ ಕೂರೋದು. ಮೇಜು ನನ್ನ ತಾವ್ಕೇ ಬಂತು. ನನ್ ಕೈಯಿಂದ್ಲೇ ಸುರುವಾಯ್ತು. ನನ್ ಜೀವಮಾನದಾಗೆ ಸಾಲಿನ ಮುಂದ್ಗಡೆ ಇದ್ದಿದ್ದು ಅದೊಂದೇ ಸಲ ಕಣವ್ವ. ನೀವ್ ಮರೀಬೋದು. ನಾನ್ ಮರೆಯಕಾಯ್ತದಾ?"



ನಾಗರಾಜು, ವ್ಯಾನಿನ ಕೊನೆಯ ಸೀಟಿಗೆ ಮಂಚಮ್ಮನನ್ನು ಕೂರಿಸುವವನು ನೀನೊಬ್ಬನೇ ಅಂದುಕೊಂಡಿದ್ದೆ. ಇಪ್ಪತ್ತು ವರ್ಷ ಘೋಷಣೆ ಕೂಗಿದ ನನ್ನ ತಲೆಯೂ ಐದು ವಾರದಲ್ಲಿ ಅವಳನ್ನು ಸದ್ದಿಲ್ಲದೆ ಎತ್ತಿ ಸಾಲಿನ ಕೊನೆಗೆ ಕೂರಿಸಿತ್ತು, ಗೌಡರ ಮನೆಯವಳನ್ನು ಮುಂದಕ್ಕೆ ತಂದಿತ್ತು. ಯಾರೂ ಹೇಳಿಕೊಡಲಿಲ್ಲ, ಯಾರೂ ಹೆದರಿಸಲಿಲ್ಲ. ತಾನಾಗಿಯೇ. ನಿನ್ನ ಮೇಲೆ ಸಿಟ್ಟಾಗುವ ಮೊದಲು ನನ್ನ ಮೇಲೆ ಆದದ್ದು ಅವತ್ತೇ.

ಮಂಗಳಮ್ಮ ಎದ್ದು ಮೊದಲನೆಯ ಕುರ್ಚಿಯನ್ನು ಸೆರಗಿನಿಂದ ಒಮ್ಮೆ ಒರೆಸಿ, "ಬಾರಮ್ಮ ಮಂಚಮ್ಮ, ಕೂತ್ಕೊ ಬಾ" ಅಂದಳು. ಮಂಚಿ ಎಂದೇ ಕರೆದು ರೂಢಿಯಾದ ಬಾಯಿ ಅದು. ಮಂಚಮ್ಮ ಕೂತಳು. ಅಂಕಿಗಳನ್ನು ಒಂದೊಂದಾಗಿ ಹುಡುಕಿ ಒತ್ತಿದಳು, ಚುಕ್ಕಿ ಬಿದ್ದವು. ಮಂಚಮ್ಮ, ಆಮೇಲೆ ಅವತ್ತು ಅವಳ ಪಕ್ಕ ಕೂತಿದ್ದ ನಾಲ್ಕನೆಯವಳು, ಆಮೇಲೆ ದೀಪಿಕ, ಕಡೆಗೆ ಮಂಗಳಮ್ಮ. ಚಕ್ರ ಸುತ್ತಿತು. ತೆರೆಯಿತು.

ನಾಲ್ಕು ದನಿಯನ್ನೂ ಪೂರ್ತಿ ಕೇಳಿದರು. ದೀಪಿಕಳದು ನಡೆಯುವಾಗ ಎಚ್‌ಆರ್ ಅಧಿಕಾರಿ ಮುಖ ಕಿವುಚಿ, "ಏನ್ರೀ ಇದು ಕಟಕಟ, ಏನೂ ಕೇಳಿಸ್ತಿಲ್ಲ" ಅಂದ. "ನಮ್ಮೂರ್ ಕೊಕ್ರೆ ಸಾರ್" ಅಂದಳು ದೀಪಿಕ. "ಮೇ ಕಳುದ್ಮೇಲೆ ಊರಲ್ಲಿ ಇರಾಕಿಲ್ಲ ಅವು. ಜೂನ್ ಆದ್ಮೇಲೆ ಕತೆ ಕಟ್ಟವ್ರೆ ಅಂದ್ರಲ್ಲ, ಆಗ ನಾನ್ ಕೊಕ್ರೆ ಎಲ್ಲಿಂದ ತರ್ಲಿ?" ಅಧ್ಯಕ್ಷೆ ತಲೆ ತಗ್ಗಿಸಿ ಬರೆದುಕೊಂಡರು. ತಗ್ಗಿಸಿದ್ದು ನಗುವನ್ನು ಮುಚ್ಚಲು ಅಂತ ನನ್ನ ಅನುಮಾನ.

ತೀರ್ಮಾನ ಇನ್ನೂ ಬಂದಿಲ್ಲ. ವಿಚಾರಣೆ ಮುಗಿಯುವವರೆಗೂ ಆ ಇನ್‌ಚಾರ್ಜು ಫ್ಲೋರಿಗೆ ಕಾಲಿಡುವಂತಿಲ್ಲ, ಮಂಚಮ್ಮನನ್ನು ಒಳಗಿನ ಕೆಲಸಕ್ಕೆ ವಾಪಸ್ಸು ತೆಗೆದುಕೊಳ್ಳಬೇಕು ಎಂದಾಗಿದೆ. ಇಷ್ಟು ಗೆದ್ದಿದ್ದೇವೆ. ಇನ್ನಷ್ಟಕ್ಕೆ ಕಾದಿದ್ದೇವೆ.

ಈಗ ನಿನ್ನ ಏಳು ದಿನದ ಮಾತು.

ತಗೋ ನಿನ್ನ ಡಿಸ್ಕು. ಈ ಕಾಗದದ ಜೊತೆಗೇ ಕಳಿಸುತ್ತಿದ್ದೇನೆ. ಚಳವಳಿಯ ದಿನಗಳ ನಿನ್ನ ಹಳೆಯ ನೀಲಿ ಟವೆಲಿನಲ್ಲಿ ಸುತ್ತಿದ್ದೇನೆ; ಬಿಳಿ ಶರ್ಟು ಶುರುಮಾಡಿದ ಮೇಲೆ ನೀನು ಮೂಲೆಗೆ ಎಸೆದದ್ದು ಅದು, ಒಗೆದಿದ್ದೇನೆ. ಬಿಲ್ಲು ನಿನ್ನ ಹೆಸರಿನದು, ಕಬ್ಬಿಣ ನಿನ್ನದು. ಮೈಸೂರಿಗೆ ಒಯ್ದು ಯಾವ ಅಂಗಡಿಯಲ್ಲಿ ಬೇಕಾದರೂ ಸಿಕ್ಕಿಸಿ ನೋಡು. ಒಳಗೆ ಏನೂ ಕಾಣುವುದಿಲ್ಲ, ಫಾರ್ಮ್ಯಾಟ್ ಮಾಡಲೇ, ಎಲ್ಲ ಅಳಿಸಲೇ ಎಂದು ಕಂಪ್ಯೂಟರು ಕೇಳುತ್ತದೆ. ಹೂಂ ಅನ್ನಬೇಕು ಅನಿಸಿದರೆ ಅನ್ನು. ನಮ್ಮ ಬಳಿ ಇನ್ನೊಂದು ಪ್ರತಿ ಇದೆ. ಎಲ್ಲಿದೆ ಎಂದು ಕೇಳಬೇಡ.

ಪಾಸ್‌ವರ್ಡು ಕೇಳಿದ್ದೀಯ. ನನಗೆ ಗೊತ್ತಿಲ್ಲ. ಪೊಲೀಸರನ್ನು ಕರೆತಂದು ಕೇಳಿಸಿದರೂ ಇದೇ ಉತ್ತರ, ಏಕೆಂದರೆ ಇದು ನಿಜ. ಅದು ನಾಲ್ಕು ಬಾಯಲ್ಲಿ ಇದೆ. ಸಾಲನ್ನು ಮೇಲೆ ಬರೆದೇ ಬಿಟ್ಟಿದ್ದೇನೆ, ಬೇಕಾದರೆ ಗೋಡೆಗೆ ಅಂಟಿಸಿಕೋ. ಆ ನಾಲ್ವರ ಮನೆ ಬಾಗಿಲಿಗೆ ಹೋಗಿ ಒಂದೊಂದು ಪದ ಬೇಡು. ಮಂಚಮ್ಮನ ಮನೆಯಿಂದಲೇ ಶುರು ಮಾಡು, ಅವಳೇ ಮೊದಲು. ಹೊಸ್ತಿಲ ಹೊರಗೆ ಕೂತು ಕೇಳು. ಕೊಟ್ಟರೆ ನಿನ್ನ ಪುಣ್ಯ.

ಮನೆಗೆ ಬಾ ಅಂದಿದ್ದೀಯ. ಆ ಮನೆಯಲ್ಲಿ ನನಗೆ ಎಲ್ಲವೂ ಇತ್ತು, ಬೀಗವೊಂದು ಬಿಟ್ಟು. ಇಲ್ಲಿ ಒಂದು ಕೋಣೆ, ಒಂದು ಒಲೆ, ಒಂದು ಬೀಗ. ಸದ್ಯಕ್ಕೆ ನನಗೆ ಇದೇ ಹಿತ. ಎಂದಾದರೂ ಬರುವುದಾದರೆ ಮಂಚಮ್ಮನ ಮುಂದೆ ನಿಂತು ನೀನು ಮಾಡಿದ್ದನ್ನು ನಿನ್ನ ಬಾಯಲ್ಲೇ ಹೇಳಿದ ಮೇಲೆ. ಅದಕ್ಕೆ ಮುಂಚೆ ನನ್ನ ಹೆಸರಿಗೆ ರಿಜಿಸ್ಟರ್ ಕಳಿಸಿ ಅಂಚೆ ಚೀಟಿ ಹಾಳು ಮಾಡಬೇಡ.

ಬೆದರದೆ, ಬಗ್ಗದೆ,
ಶಶಿರೇಖಾ

ಮರೆತು ಬಿಟ್ಟದ್ದಲ್ಲ, ಅಪ್ಪಣೆಗೆ ಕಾದದ್ದು: ಕಾಗದ ಮಡಿಸಿ ಕವರಿಗೆ ಹಾಕುವ ಹೊತ್ತಿಗೆ ನಾಲ್ಕನೆಯವಳು ಬಂದಳು. ಓದುತ್ತೇನೆ ಕೊಡು ಅಂದಳು. ನಿನ್ನ "ಯಾವಳೋ ಒಬ್ಬ ಹುಡುಗಿ" ಎನ್ನುವ ಸಾಲಿನ ಹತ್ತಿರ ಬೆರಳಿಟ್ಟಳು. ಆಮೇಲೆ, "ಅತ್ತಿಗೆ, ನನ್ನೆಸ್ರು ಬರಿ" ಅಂದಳು.

ಪುಷ್ಪಾ.

ಅವಳು ಹೇಳಿದ್ದನ್ನು ಅವಳು ಹೇಳಿದ ಹಾಗೇ ಬರೆಯುತ್ತಿದ್ದೇನೆ. "ಅಣ್ಣಂಗೆ ಏಳು, ಆ ಯಾವಳೋ ನಾನೇ ಅಂತ. ನಾಳೆಯಿಂದ ಅವನ್ ವ್ಯಾನ್ಗೆ ಕಾಯಾಕಿಲ್ಲ, ಬಸ್ಸಲ್ಲಿ ಓಯ್ತೀನಿ, ಮಂಚಮ್ಮನ್ ಪಕ್ಕ ಕೂತ್ಕಂಡು. ನಂದು ಕೇಳ್ಬೇಕು ಅಂದ್ರೆ ನನ್ನೆದುರ್ಗೆ ಬಂದ್ ಕೂತ್ಕೊಂಡು ಕೇಳ್ಲಿ. ಏಳೋದು ಬುಡೋದು ನನ್ನಿಷ್ಟ."